ಪರಸ್ಥಳದ ದೋಣಿಗಳಿಗೆ ಸೂಚನೆ

ಏಪ್ರಿಲ್ ೬

ದೂರದ ನೀರುಗಳನ್ನು ದಾಟಿ ಬಂದ ದೋಣಿವಂತರೇ, ದೋಣಿ ಇಲ್ಲದೆಯೂ ಬಂದ ಗುಣವಂತರೇ, ಸಭೆಯಲ್ಲಿ ನೆರೆದಿರುವ ಗಣ್ಯರೇ! (ಗಣ್ಯರೆಂದರೆ: ಒಂದು ಕಾಲು ಕುಂಟುವ ಮೇಜು, ಮೊಳೆಗೆ ನೇತುಬಿದ್ದ ಲೈಫ್ ಜಾಕೆಟ್ಟು, ಮುಚ್ಚಳ ಕಳೆದುಕೊಂಡ ಫ್ಲಾಸ್ಕು.) ಈ ಊರಿನ ದೋಣಿಕಟ್ಟೆಯ ಹಂಗಾಮಿ ಕಾವಲುಗಾರ್ತಿಯಾದ ನಾನು ತಮಗೆಲ್ಲ ಹಾರ್ದಿಕ ಸ್ವಾಗತ ಕೋರುತ್ತೇನೆ. ವಯಸ್ಸು ನಲವತ್ತಾರು. ವಿದ್ಯೆ ಬಿ.ಎ., ಪೂರಾ ಕನ್ನಡ ಮಾಧ್ಯಮ. ಅನುಭವ ಮೂರು ದಿನ. ಈಜು ಬರುವುದಿಲ್ಲ.

ಅಸಲಿ ಕಾವಲುಗಾರರು ಕಟ್ಟೆಯ ಆಫೀಸಿನ ಮೇಲಿನ ಕೋಣೆಯಲ್ಲಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾರೆ. ನಮ್ಮವರು. ಫೆಬ್ರವರಿಯ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಇವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಒಂದೇ ಏಟಿಗೆ ಹೋದವು. ಉಳಿದದ್ದು ಎಡಗೈ ಮತ್ತು ನಾನು. ಮಾತು ಹೋದದ್ದು ಊರಿಗೆ ತಿಳಿಯಲು ಒಂದು ವಾರ ಹಿಡಿಯಿತು. ಇದ್ದಾಗಲೂ ಇವರು ಅದನ್ನು ಅಷ್ಟಾಗಿ ಬಳಸಿದವರಲ್ಲ.

ಪುರಸಭೆಯ ಸಾಹೇಬರು ಒಳ್ಳೆಯವರು. "ಅವರು ಹುಷಾರಾಗೋ ತನಕ ನೀವೇ ಕಟ್ಟೆ ನೋಡ್ಕೊಳ್ಳಿ ಮೇಡಂ. ಕೆಲಸ ಮಾಡೋರಿಗೇ ಮೇಲಿನ ರೂಮು ಅಂತ ರೂಲ್ಸು. ಬೇರೆಯವರನ್ನ ಹಾಕಿದ್ರೆ ನೀವು ಖಾಲಿ ಮಾಡ್ಬೇಕಾಗುತ್ತೆ" ಎಂದರು. ಹೀಗೆ, ಮಕ್ಕಳಿಗೆ ಮನೆಪಾಠ ಹೇಳಿಕೊಂಡು ತೆಪ್ಪಗಿದ್ದವಳು ದೋಣಿಗಳಿಗೆ ಪಾಠ ಹೇಳಲು ನಿಂತೆ.

ಎಡವಟ್ಟೆಂದರೆ, ಸಾಹೇಬರು ನನ್ನ ಬಿ.ಎ.ಯನ್ನು ನೆನಪಿಟ್ಟುಕೊಂಡಿದ್ದಾರೆ. ಹೊರಗಿನಿಂದ ಬರುವ ದೋಣಿಯವರು ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಬಾರದು ಎಂದು ತಿಳಿಸುವ ದೊಡ್ಡ ಫಲಕಕ್ಕೆ ಒಕ್ಕಣೆ ಬರೆದುಕೊಡಬೇಕಂತೆ. ಕರಡನ್ನು ಇಲ್ಲೇ ಮಾಡುತ್ತೇನೆ. ಸಭಿಕರು ಗದ್ದಲ ಮಾಡಬಾರದು.

ಏಪ್ರಿಲ್ ೮

ಮಾನ್ಯ ದೋಣಿವಂತರೇ, ಈ ಊರಿನಲ್ಲಿ ತಮ್ಮ ದೋಣಿ ಕಟ್ಟಲು ಇರುವ ದಾರಿಗಳು ಹೀಗಿವೆ.

ಮೊದಲನೆಯದು ಇವರ ಕಟ್ಟೆ, ಅಂದರೆ ಪುರಸಭೆಯ ಕಟ್ಟೆ. ಮರದ ಹಲಗೆ, ಅಂಚಿಗೆಲ್ಲ ಹಳೇ ಲಾರಿ ಟೈರು. ಮಧ್ಯಾಹ್ನದ ಮೇಲೆ ಪಡುವಣ ಗಾಳಿ ನೀರಿನ ಕಡೆಯಿಂದ ನೇರ ಕಟ್ಟೆಗೇ ಬೀಸುತ್ತದೆ. ಪಡುವಣ ಗಾಳಿ, ಮೂಡಣ ಗೂಟ. ಹಗ್ಗ ಸಡಿಲಿದರೆ ಮುಗಿಯಿತು ಆಟ.

ಅದರಾಚೆ ಹೋಟೆಲಿನವರ ಸ್ವಂತ ಕಟ್ಟೆ. ಸಿಮೆಂಟಿನದು, ದೀಪಗಳಿವೆ. ಊಟ ಮಾಡಿದವರಿಗೆ ಮಾತ್ರ. ಹೋಟೆಲಿನ ಕಟ್ಟೆ: ಮೊದಲು ತುಂಬಿಸಿ ಹೊಟ್ಟೆ.

ಎರಡೂ ಭರ್ತಿಯಾಗಿದ್ದರೆ ನೀರಿನ ನಡುವೆ ತೇಲುವ ಕೆಂಪು ಡ್ರಮ್ಮುಗಳಿವೆ. ಅದಕ್ಕೆ ದೋಣಿ ಬಿಗಿದು, ಸಣ್ಣ ತೆಪ್ಪದಲ್ಲಿ ಹುಟ್ಟು ಹಾಕಿಕೊಂಡು ದಡಕ್ಕೆ ಬರಬೇಕು. ಕೆಂಪು ಡ್ರಮ್ಮು, ಬೇಕು ದಮ್ಮು.

ದುಡ್ಡೂ ದಮ್ಮೂ ಇಲ್ಲದವರಿಗೆ ಜೊಂಡಿನ ಮೂಲೆ. ಲಂಗರು ಬಿಟ್ಟರೆ ಕೆಸರು ಗಬಕ್ಕನೆ ಹಿಡಿಯುತ್ತದೆ. ಬಿಡಿಸುವುದು ಆಮೇಲಿನ ಮಾತು. ಜೊಂಡಿನ ಮೂಲೆ, ಕೆಸರಿನ ಶಾಲೆ. ಇವತ್ತು ಸೇರಿದರೆ ಬಿಡುವುದು ನಾಳೆ.

ಕೊನೆಯದು ಐಸ್ ಫ್ಯಾಕ್ಟರಿ ಹಿಂದಿನ ಕಲ್ಲಿನ ಮೆಟ್ಟಿಲು. ಪಾಚಿ. ಐಸ್ ಫ್ಯಾಕ್ಟರಿಗೆ ಪ್ರಾಸ ಸಿಗಲಿಲ್ಲ. ಅಲ್ಲಿ ಕಟ್ಟಬೇಡಿ.

ಬರೆದದ್ದನ್ನು ಮೇಲೆ ಹೋಗಿ ಇವರಿಗೆ ಓದಿ ಹೇಳಿದೆ. ನನ್ನ ಪ್ರಾಸ ಇವರಿಗೆ ಯಾವತ್ತೂ ಸೇರಿದ್ದಲ್ಲ. ಮೊದಲಾದರೆ "ಸಾಕು ಕಣೇ" ಎನ್ನುತ್ತಿದ್ದರು. ಇವತ್ತು ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಅಂಗೈಯನ್ನು ನನ್ನ ಕಡೆಗೆ ಎರಡು ಸಲ ತಳ್ಳಿದರು, ಮುಖದ ಮೇಲೆ ಬಾಗಿಲು ಹಾಕುವವರ ಹಾಗೆ. ವಿಮರ್ಶೆ ಎಂದರೆ ಹೀಗಿರಬೇಕು. ಚಿಕ್ಕದು, ಚೊಕ್ಕದು.

ಏಪ್ರಿಲ್ ೧೫

ಸಾಹೇಬರು ಕೈಯಲ್ಲಿ ಹಿಡಿಯುವ ಮೈಕ್ ಕೊಡಿಸಿದ್ದಾರೆ. ನನ್ನ ಕಷ್ಟ ಅರ್ಧ ಇಳಿಯಿತು.

ಇವರಿಗೆ ಮೈಕ್ ಬೇಕಿರಲಿಲ್ಲ. ಎಂಜಿನ್ ಸದ್ದಿನಲ್ಲಿ ಕೂಗಿದರೆ ಯಾರಿಗೆ ಕೇಳುತ್ತದೆ ಎಂದು ಎಲ್ಲವನ್ನೂ ಕೈಯಲ್ಲೇ ಹೇಳುತ್ತಿದ್ದರು. ಕಟ್ಟೆಯ ತುದಿಯಲ್ಲಿ ನಿಂತು ಬಲಗೈ ಆಡಿಸಿದರೆ ದೋಣಿಗಳು ಸಂಜೆಯ ದನಗಳ ಹಾಗೆ ತಮ್ಮ ತಮ್ಮ ಗೂಟಕ್ಕೆ ಬಂದು ನಿಲ್ಲುತ್ತಿದ್ದವು. ಇಪ್ಪತ್ತು ವರ್ಷ ನಾನದನ್ನು ನೋಡಿದ್ದೇನೆ, ಆದರೆ ಮೇಲಿನ ಕಿಟಕಿಯಿಂದ, ಅಂದರೆ ಬೆನ್ನ ಕಡೆಯಿಂದ. ಬೆನ್ನು ನೋಡಿದವಳಿಗೆ ಕೈ ಏನು ಹೇಳುತ್ತಿದೆ ಎಂದು ಹೇಗೆ ತಿಳಿಯಬೇಕು? ಇವರದು ಕೈ, ನನ್ನದು ಬಾಯಿ.

ಇವತ್ತು ಒಂದು ನೀಲಿ ದೋಣಿ ಅಡ್ಡಾದಿಡ್ಡಿ ಬರುತ್ತಿತ್ತು. ಮೈಕ್ ಹಿಡಿದು, "ನೀಲಿ ದೋಣಿಯವರೇ ತಾಳಿ, ನಿಮ್ಮ ಬೆನ್ನಿಗಿದೆ ಗಾಳಿ!" ಎಂದೆ. ದೋಣಿಯಲ್ಲಿದ್ದ ಹೆಂಗಸು ಚಪ್ಪಾಳೆ ತಟ್ಟಿದಳು, ಗಂಡ ಹೋಗಿ ಟೈರಿಗೆ ಗುದ್ದಿದ.

ಆಚೆ ದಡಕ್ಕೆ ಜನ ಸಾಗಿಸುವ ದೋಣಿಯವನಿಗೆ ಸೀಟಿ ಎಂದು ಹೆಸರು. ಸದಾ ಶಿಳ್ಳೆ ಹಾಕುತ್ತಾನೆ. ನಾನು ಮದುವೆಯಾಗಿ ಈ ಕೋಣೆಗೆ ಬಂದ ವರ್ಷದಿಂದಲೂ ಈ ಕಟ್ಟೆಗೇ ಬರುತ್ತಿದ್ದಾನೆ. ಅವನು ಹಗ್ಗ ಎಸೆದ, ನಾನು ಬಿಟ್ಟೆ, ಅದು ನೀರಿಗೆ ಬಿತ್ತು.

"ಅಕ್ಕಾ, ಹಗ್ಗಕ್ಕೂ ಒಂದು ಹಾಡು ಕಟ್ಟಿ. ಆಗಲಾದ್ರೂ ನಿಮ್ಮ ಕೈಗೆ ಬರುತ್ತೇನೋ."

"ನೀನು ಸರಿಯಾಗಿ ಎಸೆಯೋದು ಕಲಿ ಮೊದಲು."

"ನಾನು ಎಸೆಯೋದು ನೆಟ್ಟಗೇ ಇದೆ. ಅಣ್ಣ ಆಗಿದ್ರೆ ಕಣ್ಮುಚ್ಚಿ ಹಿಡಿಯೋರು."

ತಲೆ ಎತ್ತಿ ನೋಡಿದೆ. ಕಿಟಕಿಯಲ್ಲಿ ಇವರ ಮುಖ ಇತ್ತು. ಎಡಗೈ ಗಾಜಿನ ಹಿಂದೆ ಏನೋ ಮಾಡುತ್ತಿತ್ತು. ಸೊಳ್ಳೆ ಇರಬೇಕು.

ಏಪ್ರಿಲ್ ೧೯, ಭಾನುವಾರ

ನಾದಿನಿ ಬಂದಿದ್ದಳು. ಆಚೆ ದಡದ ಆರೈಕೆ ಕೇಂದ್ರದಲ್ಲಿ ನರ್ಸು. ಒಳಗೆ ಬಂದವಳೇ ಅಣ್ಣನ ಉಗುರು ಕತ್ತರಿಸಿ, ದಿಂಬು ಬಿಸಿಲಿಗೆ ಹಾಕಿ, ಆಮೇಲೆ ನನ್ನ ಕಡೆ ತಿರುಗಿದಳು.

"ಅತ್ತಿಗೆ, ಕನ್ನಡೀಲಿ ಮುಖ ನೋಡ್ಕೊಂಡು ಎಷ್ಟು ದಿನ ಆಯ್ತು?"

"ನನಗೆಲ್ಲಿ ಪುರುಸೊತ್ತು? ಕನ್ನಡಿಯೇ ಆಗಾಗ ನನ್ನ ನೋಡ್ಕೊಳ್ಳುತ್ತೆ."

"ತಮಾಷೆ ಬಿಡಿ. ನಮ್ಮಲ್ಲಿ ಜೂನ್‌ನಲ್ಲಿ ಒಂದು ಹಾಸಿಗೆ ಖಾಲಿಯಾಗುತ್ತೆ. ಅಣ್ಣನ್ನ ಅಲ್ಲಿಗೆ ಕಳಿಸಿ. ನಾನಿರ್ತೀನಲ್ಲ."

"ಅವರೇನು ಪಾರ್ಸಲ್ಲಾ, ಕಳಿಸೋಕೆ?"

"ನೀವು ದಿನಪೂರ್ತಿ ಕೆಳಗಡೆ, ಅವನೊಬ್ಬನೇ ಮೇಲ್ಗಡೆ. ನಾಳೆ ಬಿದ್ರೆ ಯಾರಿಗೆ ಗೊತ್ತಾಗುತ್ತೆ?"

"ಬೀಳಲ್ಲ."

ತುತ್ತು ಹಿಡಿದು ಇವರ ಮುಂದೆ ಕೂತೆ. ತಣ್ಣಗಾಗುತ್ತದೆ, ಬೇಗ ಬಾಯಿ ತೆಗೀರಿ, ಕೆಳಗೆ ದೋಣಿ ಕಾಯುತ್ತಿದೆ, ಎಂದು ಮಾತಾಡುತ್ತಲೇ ಇದ್ದೆ. ಅಂಗೈ ಎರಡು ಸಲ ಮುಂದೆ ಬಂತು.

"ಊಟ ಬೇಡ ಅಂತಿದಾನೆ" ಎಂದಳು ನಾದಿನಿ.

"ಊಟ ಅಲ್ಲಮ್ಮ, ನಾನು ಬೇಡ" ಎಂದೆ. ತಮಾಷೆಗೇ ಹೇಳಿದ್ದು. ಅವಳು ನಗಲಿಲ್ಲ. ಅವಳ ಕೈಯಿಂದ ಪೂರ್ತಿ ಉಂಡರು.

ಏಪ್ರಿಲ್ ೨೭

ಸಾಹೇಬರು ಫಲಕದ ಕರಡನ್ನು ಕೆಂಪು ಶಾಯಿಯಲ್ಲಿ ತೊಳೆದು ಕಳಿಸಿದ್ದಾರೆ. "ಚೆನ್ನಾಗಿದೆ ಮೇಡಂ, ನಮ್ಮ ಮನೆಯವರಿಗೂ ಓದಿಸಿದೆ, ಬಿದ್ದು ಬಿದ್ದು ನಕ್ಕರು. ಆದ್ರೆ ಇದು ಸರ್ಕಾರಿ ಬೋರ್ಡು." ಪ್ರಾಸಗಳೆಲ್ಲ ಹೋದವು. ಜೊಂಡಿನ ಮೂಲೆಯೂ ಹೋಯಿತು. ಐಸ್ ಫ್ಯಾಕ್ಟರಿ ಮಾತ್ರ ಉಳಿದುಕೊಂಡಿತು. ಪ್ರಾಸವಿಲ್ಲದ್ದಕ್ಕೇ ಆಯುಸ್ಸು ಜಾಸ್ತಿ.

ಮೇ ೯

ಡಾಕ್ಟರು ಬಂದು ನೋಡಿದರು. ಬಲಗಡೆ ಹಾಗೆಯೇ ಇದೆ. ಆ ಎಡಗೈಯ ವಿಷಯ ಕೇಳಿದೆ: ನಾನು ಹತ್ತಿರ ಹೋದಾಗಲೆಲ್ಲ ತಳ್ಳುತ್ತಾರೆ, ನಾದಿನಿಯನ್ನು ತಳ್ಳುವುದಿಲ್ಲ, ನಿಮ್ಮನ್ನೂ ತಳ್ಳುವುದಿಲ್ಲ.

"ನರದ ಆಟ ಅಮ್ಮಾ. ಕೈ ತಾನಾಗೇ ಆಡುತ್ತೆ. ಅದರಲ್ಲಿ ಅರ್ಥ ಹುಡುಕೋಕೆ ಹೋಗಬೇಡಿ."

ನಾನು ಬಿ.ಎ. ಮಾಡಿದ್ದೇ ಅರ್ಥ ಹುಡುಕುವುದರಲ್ಲಿ. ಈಗ ಬೇಡ ಎಂದರೆ ಹೇಗೆ?

ಬೆಳಿಗ್ಗೆ ಮೈ ಒರೆಸುವಾಗಲೂ ಅದೇ. ನಾನು ಇವರಿಗೆ ಬಿಸಿನೀರು ಸಾಕಾ, ಷರಟು ಯಾವುದು, ಹೋಟೆಲಿನವರು ಮತ್ತೆ ನಮ್ಮ ಗೂಟಕ್ಕೆ ದೋಣಿ ಕಟ್ಟಿದ್ದಾರೆ ನೋಡಿ ಎಂದು ಒಂದೇ ಸಮನೆ ಹೇಳುತ್ತ ಟವೆಲ್ಲು ಎಳೆದಾಡುತ್ತಿದ್ದೆ. ಅಂಗೈ ಬಂತು. ಎರಡು ಸಲ. ಕೆಳಗೆ ಹಾರ್ನ್ ಆಯಿತು, ಹಾಗೇ ಬಿಟ್ಟು ಓಡಿದೆ. ಓಡುವಾಗ ಒಂದು ಥರ ಹಗುರವೆನಿಸಿತು. ಮೆಟ್ಟಿಲಿಳಿಯುವುದರಿಂದ ಇರಬೇಕು. ಇಳಿಜಾರು ಯಾರಿಗೂ ಹಗುರವೇ.

ಮೇ ೨೩

ಸಭಿಕರೇ, ಎದ್ದು ನಿಂತುಕೊಳ್ಳಿ! ಇವತ್ತು ನಾನು ಹನ್ನೆರಡು ದೋಣಿಗಳನ್ನು ಒಬ್ಬಳೇ ಕಟ್ಟಿದೆ.

ಪರಸ್ಥಳದ ದೋಣಿಗಳ ದೊಡ್ಡ ಗುಂಪು, ವಿಹಾರಕ್ಕೆ ಬಂದವರು. ಮಧ್ಯಾಹ್ನ ಎರಡರ ಹೊತ್ತಿಗೆ ನೀರಿನ ಆಚೆ ಅಂಚು ಸೀಸದ ಬಣ್ಣಕ್ಕೆ ತಿರುಗಿತು. ಗಾಳಿ ಶುರುವಾಗುವ ಮೊದಲು ಒಂದು ಕ್ಷಣ ಎಲ್ಲ ಗಪ್‌ಚಿಪ್ ಆಗುತ್ತದೆ, ಅದು ಈಗ ನನಗೆ ಚರ್ಮಕ್ಕೇ ತಿಳಿಯುತ್ತದೆ. ಮೈಕ್ ಹಿಡಿದು ಕೂಗಿದೆ, ಪ್ರಾಸಕ್ಕೆಲ್ಲ ಸಮಯ ಇರಲಿಲ್ಲ. ಕೆಂಪು ಡ್ರಮ್ಮಿಗೆ ಕಟ್ಟಿದ್ದವರನ್ನು ಒಳಗೆ ಕರೆದೆ. ಹಗುರ ದೋಣಿಗಳನ್ನು ಒಳಗಡೆಗೆ, ಭಾರದವನ್ನು ತುದಿಗೆ. ಜಾಗ ಸಾಲದಿದ್ದಾಗ ದೋಣಿಗೆ ದೋಣಿ ಕಟ್ಟಿಸಿದೆ. ಅಲೆ ಹಲಗೆಯ ಮೇಲಕ್ಕೆ ಹಾಯುತ್ತಿತ್ತು. ಹಗ್ಗ ಒಂದಾದ ಮೇಲೊಂದು ಹಾರಿ ಬರುತ್ತಿದ್ದವು, ಒದ್ದೆ ಹಗ್ಗ, ಕೆನ್ನೆಗೆ ಬಡಿಯುವಂಥವು. ಒಂದೂ ಕೈತಪ್ಪಲಿಲ್ಲ. ಹೋಟೆಲಿನ ಮ್ಯಾನೇಜರು ತನ್ನ ಸಿಮೆಂಟ್ ಕಟ್ಟೆಯಿಂದ ಓಡಿಬಂದು, "ನಮ್ಮ ಎರಡು ದೋಣಿ ಇಲ್ಲಿ ಕಟ್ಟಬಹುದಾ ಮೇಡಂ?" ಎಂದು ಕೇಳಿದ. "ಊಟ ಮಾಡಿದೋರಿಗೆ ಮಾತ್ರ" ಎಂದೆ. ಆಮೇಲೆ ಕಟ್ಟಿಸಿಕೊಂಡೆ.

ಎಲ್ಲ ಮುಗಿದ ಮೇಲೆ ಸೀಟಿ ನನ್ನನ್ನು ನೋಡಿ ಶಿಳ್ಳೆ ನಿಲ್ಲಿಸಿದ. ಅದು ಅವನ ಸಲಾಮು. ಅಂಗೈ ಸುಲಿದು ಉರಿಯುತ್ತಿತ್ತು. ನಾನು ಟೈರಿನ ಮೇಲೆ ಕೂತು ಸುಮ್ಮನೆ ನಕ್ಕೆ. ಕಾಲೇಜು ಬಿಟ್ಟ ಮೇಲೆ ಹಾಗೆ ನಕ್ಕ ನೆನಪಿಲ್ಲ.

ಇದನ್ನು ಮೊದಲೇ ಬರೆಯಬೇಕಿತ್ತು. ಮೇಲೆ ಹೋದಾಗ ಇವರು ನೆಲದ ಮೇಲಿದ್ದರು. ಕಿಟಕಿಯ ಕೆಳಗೆ, ಕುರ್ಚಿ ಮಗುಚಿಕೊಂಡು, ಕೆನ್ನೆ ನೆಲಕ್ಕೆ ಒತ್ತಿಕೊಂಡು. ಕಣ್ಣು ತೆರೆದೇ ಇತ್ತು. ಬಹುಶಃ ಗಾಳಿ ಶುರುವಾದಾಗ ಏಳಲು ಹೋಗಿದ್ದಾರೆ. ಹುಬ್ಬು ಒಡೆದಿತ್ತು. ಸೀಟಿಯನ್ನು ಕೂಗಿ ಕರೆದೆ, ಇಬ್ಬರೂ ಎತ್ತಿ ಕೂರಿಸಿದೆವು.

ಎಷ್ಟು ಹೊತ್ತು ಬಿದ್ದಿದ್ದರೋ ಗೊತ್ತಿಲ್ಲ. ನಾನು ಟೈರಿನ ಮೇಲೆ ಕೂತು ನಗುತ್ತಿದ್ದಾಗಲೂ ಇದ್ದಿರಬೇಕು.

ಮೇ ೨೬

ನಾದಿನಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹುಬ್ಬಿನ ಹೊಲಿಗೆ ನೋಡಿದಳು, ನನ್ನ ಅಂಗೈಗೆ ಮುಲಾಮು ಹಚ್ಚಿದಳು.

"ಎರಡರಲ್ಲಿ ಒಂದು ಬಿಡಬೇಕು ಅತ್ತಿಗೆ. ಕಟ್ಟೆ ಬಿಟ್ಟು ನನ್ನ ಮನೆಗೆ ಬಂದು ಇಬ್ಬರೂ ಇರಿ. ಒಂದು ಕೋಣೆ ಕೊಡ್ತೀನಿ, ನೀವೇ ನೋಡ್ಕೊಳ್ಳಿ. ಇಲ್ಲಾಂದ್ರೆ ಅವನನ್ನ ಕೇಂದ್ರಕ್ಕೆ ಕಳಿಸಿ. ನಿಮಗೆ ಹೇಗೆ ಸರಿಯೋ ಹಾಗೆ."

"ಯೋಚನೆ ಮಾಡ್ತೀನಿ" ಎಂದೆ.

ಮೇಜು, ಲೈಫ್ ಜಾಕೆಟ್ಟು, ಫ್ಲಾಸ್ಕು: ಸಭೆಯಲ್ಲಿ ಯಾರಿಗಾದರೂ ಏನಾದರೂ ಹೊಳೆದರೆ ಹೇಳಬಹುದು.

ಜೂನ್ ೭, ಭಾನುವಾರ

ಆರೈಕೆ ಕೇಂದ್ರ ನೋಡಿ ಬಂದೆ. ಸ್ವಚ್ಛವಾಗಿದೆ. ಫಿನಾಯಿಲ್ ವಾಸನೆ ಇದೆ, ಆದರೆ ಬೇರೆ ವಾಸನೆ ಇಲ್ಲ. ಉದ್ದ ಕೋಣೆ, ಆರು ಹಾಸಿಗೆ. ಖಾಲಿಯಾಗುವ ಹಾಸಿಗೆಯ ಪಕ್ಕ ಒಂದು ಕಿಟಕಿ, ಕಿಟಕಿಯಾಚೆ ಹಸಿರು ಬಣ್ಣ ಬಳಿದ ಕಾಂಪೌಂಡ್ ಗೋಡೆ. ನೀರು ಕಾಣುವುದಿಲ್ಲ. "ನೀರಿನ ಕಡೆ ಹಾಸಿಗೆ ಇಲ್ವಾ?" ಎಂದೆ. ಮುಖ್ಯ ನರ್ಸು, "ಅಲ್ಲಿ ಒಗೆಯೋ ಮನೆ ಇದೆ" ಎಂದರು.

"ಮನೇಲಿ ನೋಡ್ಕೊಳ್ಳೋಕೆ ಏನು ತೊಂದರೆ?" ಎಂದೂ ಕೇಳಿದರು. ಕೇಳುವುದು ಅವರ ಕೆಲಸ.

"ನಾನು ಹತ್ತಿರ ಹೋದ್ರೆ ತಳ್ತಾರೆ. ನನ್ನ ಕೈಯಿಂದ ಏನೂ ಬೇಡ ಅವರಿಗೆ" ಎಂದೆ. ನಾದಿನಿ ಪಕ್ಕದಲ್ಲೇ ನಿಂತು ತಲೆಯಾಡಿಸಿದಳು, ಅವಳೂ ಕಣ್ಣಾರೆ ನೋಡಿದ್ದಾಳೆ. ಸುಳ್ಳೇನೂ ಅಲ್ಲ. ಒಪ್ಪಿಗೆ ಕೊಟ್ಟು ಬಂದೆ.

ಸಂಜೆ ಸೀಟಿಯ ದೋಣಿಯಲ್ಲಿ ವಾಪಸು ಬರುವಾಗ ಮೊದಲ ಸಲ ನನ್ನ ಕಟ್ಟೆಯನ್ನು ನೀರಿನ ಕಡೆಯಿಂದ ನೋಡಿದೆ. ಟೈರುಗಳಿಗೆ ಬಿಳಿ ಬಣ್ಣ ಬಳಿದರೆ ದೂರಕ್ಕೆ ಕಾಣುತ್ತದೆ. ತುದಿಯ ಗೂಟ ಸ್ವಲ್ಪ ವಾಲಿದೆ, ಮಳೆಗೆ ಮುಂಚೆ ಬದಲಾಯಿಸಬೇಕು. ಮೇಲಿನ ಕಿಟಕಿಯಲ್ಲಿ ಅವರು ಸಣ್ಣಗೆ ಕಂಡರು.

ಜೂನ್ ೧೮

ಮೈಕ್ ನೀರಿಗೆ ಬಿತ್ತು. ಬಗ್ಗಿ ಹಗ್ಗ ಬಿಗಿಯುವಾಗ ಕುತ್ತಿಗೆಯಿಂದ ಜಾರಿ ಗುಳುಂ ಎಂದಿತು. ಅದೇ ಹೊತ್ತಿಗೆ ಒಂದು ಪರಸ್ಥಳದ ದೋಣಿ ಕಟ್ಟೆ ಬಿಡುತ್ತಿತ್ತು, ಎದುರಿಗೆ ಸೀಟಿ ಜನ ತುಂಬಿಕೊಂಡು ಒಳಗೆ ಬರುತ್ತಿದ್ದ. ಬಾಯಿ ಹೋಯಿತು, ಇನ್ನು ಕೈಯೇ ಗತಿ. ಅವನಿಗೆ ಕಾಣುವ ಹಾಗೆ ಅಂಗೈಯನ್ನು ಎರಡು ಸಲ ಜೋರಾಗಿ ಮುಂದೆ ತಳ್ಳಿದೆ: ಹೋಗು, ಆಚೆ ಹೋಗು!

ಅವನು ಟಪ್ಪೆಂದು ಎಂಜಿನ್ ನಿಲ್ಲಿಸಿ, ಗಾಳಿಗೆ ತೇಲಿಕೊಂಡು ನೇರ ಒಳಗೇ ಬಂದ. ಹೊರಡುತ್ತಿದ್ದ ದೋಣಿಯ ಮೂತಿಗೆ ಮೂತಿ ತಾಗಿತು. ಬಂದವರೆಲ್ಲ ಕಿರುಚಿದರು. ಅವನು ನಿಶ್ಚಿಂತೆಯಿಂದ ಹಗ್ಗ ಎಸೆದ.

"ಕಣ್ಣು ಕಾಣಲ್ವೇನಪ್ಪಾ? ಆಚೆ ಹೋಗು ಅಂದ್ರೆ ಒಳಗೇ ನುಗ್ತೀಯಲ್ಲ!"

"ಆಚೆ ಹೋಗು ಅಂತ ಯಾವಾಗ ಅಂದ್ರಿ ಅಕ್ಕಾ? ಅಂಗೈ ಎರಡು ಸಲ ತಳ್ಳಿದ್ರಿ."

"ಮತ್ತೆ? ಅದರರ್ಥ ಹೋಗು ಅಂತ ತಾನೆ?"

"ಯಾರು ಹೇಳಿದ್ದು? ಎಂಜಿನ್ ನಿಲ್ಸು, ತೇಲ್ಕೊಂಡು ಬಾ, ಹಗ್ಗ ನಾನ್ ಹಿಡೀತೀನಿ ಅಂತ ಅದು. ಇಷ್ಟು ವರ್ಷ ಅಣ್ಣ ಮಾಡ್ತಿದ್ದಿದ್ದೇ ಅದು. ಆ ಕೈ ಕಂಡ್ರೆ ಸಾಕು, ನನ್ನ ಕೈ ತಾನಾಗೇ ಎಂಜಿನ್ ಆಫ್ ಮಾಡುತ್ತೆ, ಯೋಚನೇನೇ ಬೇಡ."

"ಹೋಗು ಅನ್ನೋದಕ್ಕೆ?"

"ಅದಕ್ಕೆ ಕೈನ ತಲೆ ಮೇಲೆ ಗಿರಗಿರ ತಿರುಗಿಸೋರು. ಏನಕ್ಕಾ, ಅವರ ಹೆಂಡತಿಯಾಗಿ ಇಷ್ಟೂ ಗೊತ್ತಿಲ್ವಾ?"

"ನಾನು ನೋಡಿದ್ದೆಲ್ಲ ಬೆನ್ನು" ಎಂದೆ.

ಮೇಲೆ ಹೋದೆ. ಅವರು ಎಂದಿನಂತೆ ಕೂತಿದ್ದರು. ಮುಖ ಒರೆಸಲು ಟವೆಲ್ಲು ತೆಗೆದುಕೊಂಡು, ಮೈಕ್ ಬಿದ್ದ ಕಥೆ ಶುರು ಮಾಡಿದೆ. ಅಂಗೈ ಎತ್ತಿದರು. ಎರಡು ಸಲ.

ಈ ಸಲ ಮಾತು ನಿಲ್ಲಿಸಿದೆ. ಕೈಯನ್ನೂ ನಿಲ್ಲಿಸಿದೆ. ಎದುರಿನ ಸ್ಟೂಲಿನ ಮೇಲೆ ಸುಮ್ಮನೆ ಕೂತೆ. ಕೋಣೆ ಎಷ್ಟು ಸದ್ದಿಲ್ಲದ್ದು ಎಂದು ನನಗೆ ಗೊತ್ತೇ ಇರಲಿಲ್ಲ. ಅವರು ಎಡಗೈ ಮುಂದೆ ಮಾಡಿ, ನನ್ನ ಕೈಯಿಂದ ಇಳಿಬಿದ್ದಿದ್ದ ಟವೆಲ್ಲಿನ ತುದಿಯನ್ನು ಹಿಡಿದುಕೊಂಡರು. ಒಂದು ಸುತ್ತು ಸುತ್ತಿಕೊಂಡರು, ಗೂಟಕ್ಕೆ ಸುತ್ತುವ ಹಾಗೆ. ನನ್ನ ಮುಖ ನೋಡಿದರು.

ಕೆಳಗೆ ಹಾರ್ನ್ ಆಯಿತು. ಸ್ವಲ್ಪ ಹೊತ್ತು ಕೂತೇ ಇದ್ದೆ. ಮತ್ತೆ ಆಯಿತು. ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಟವೆಲ್ಲನ್ನು ಕುರ್ಚಿಯ ತೋಳಿಗೆ ಹಾಕಿ, ಕೆಳಗೆ ಹೋದೆ.

ಜೂನ್ ೧೯

ನಾದಿನಿಗೆ ಫೋನ್ ಮಾಡಿದೆ.

"ಏನ್ ಅತ್ತಿಗೆ? ಏನಾದ್ರೂ ಬದಲಾವಣೆನಾ?"

ಕೈಯ ಸಂಗತಿ ಬಾಯಿಯ ತನಕ ಬಂದಿತ್ತು. "ಇಲ್ಲ, ಬುಧವಾರ ಎಷ್ಟು ಹೊತ್ತಿಗೆ ಬರ್ತೀಯ ಅಂತ ಕೇಳೋಕೆ ಮಾಡ್ದೆ" ಎಂದೆ.

ಟೈರುಗಳಿಗೆ ಬಿಳಿ ಬಣ್ಣ ಬಳಿದಾಯಿತು. ಚೆನ್ನಾಗಿ ಕಾಣುತ್ತದೆ.

ಜೂನ್ ೨೨

ಫಲಕ ನೆಟ್ಟರು. ನೀಲಿಯ ಮೇಲೆ ಬಿಳಿ ಅಕ್ಷರ. ಪುರಸಭೆ ಕಟ್ಟೆ, ಹೋಟೆಲ್ ಕಟ್ಟೆ, ಕೆಂಪು ಡ್ರಮ್ಮು, ಐಸ್ ಫ್ಯಾಕ್ಟರಿಯಲ್ಲಿ ನಿಷೇಧ. ಕೆಳಗೆ "ಕಟ್ಟೆಯ ಸಿಬ್ಬಂದಿಯ ಸೂಚನೆಯನ್ನು ಪಾಲಿಸಿ" ಎಂದಿದೆ. ಸಿಬ್ಬಂದಿ ಎಂದರೆ ನಾನು. ಸಾಹೇಬರು, "ಇನ್ನು ಹಂಗಾಮಿ ಅನ್ನೋ ಮಾತು ತೆಗೆದುಬಿಡೋಣ ಮೇಡಂ" ಎಂದರು.

ಸೀಟಿಯಿಂದ ಉಳಿದ ಕೈಸನ್ನೆಗಳನ್ನೂ ಕಲಿತೆ. ಹೊಸ ಮೈಕ್ ಬೇಡ ಎಂದೆ.

ಅವರ ಬಟ್ಟೆಗಳನ್ನು ಒಗೆದು ಚೀಲಕ್ಕೆ ಹಾಕಿದೆ. ಚಳಿಗಾಲದ ಸ್ವೆಟರ್ ಕೂಡ.

ಜೂನ್ ೨೪

ದೂರದಿಂದ ಬಂದ ದೋಣಿವಂತರೇ, ನೆರೆದ ಗಣ್ಯರೇ. ಫಲಕದಲ್ಲಿ ಒಂದು ಸೂಚನೆ ಬಿಟ್ಟುಹೋಗಿದೆ. ಅದನ್ನು ಈಗ ತಮ್ಮ ಗಮನಕ್ಕೆ ತರಲಾಗುತ್ತಿದೆ.

ಕಟ್ಟೆಯ ಕಾವಲುಗಾರರು ಅಂಗೈಯನ್ನು ಎರಡು ಸಲ ಮುಂದೆ ತಳ್ಳಿದರೆ, ತಮ್ಮನ್ನು ಹೊರಗೆ ದಬ್ಬುತ್ತಿದ್ದಾರೆ ಎಂದು ತಿಳಿಯಬಾರದು. ಎಂಜಿನ್ ನಿಲ್ಲಿಸಬೇಕು. ತೇಲಿಕೊಂಡು ಬರಬೇಕು. ಹಗ್ಗ ಎಸೆದರೆ ಕಟ್ಟೆಯಲ್ಲಿರುವವರು ಹಿಡಿದುಕೊಳ್ಳುತ್ತಾರೆ. ಇದು ಈ ಕಟ್ಟೆಯ ಪದ್ಧತಿ.

ಉದಾಹರಣೆಗೆ, ಇವತ್ತು ಮಧ್ಯಾಹ್ನ ಒಂದು ದೋಣಿ ಇಲ್ಲಿಂದ ಹೊರಟಿತು. ಅದರಲ್ಲಿ ಒಬ್ಬ ರೋಗಿ, ಅವರ ತಂಗಿ, ಒಂದು ಬಟ್ಟೆ ಚೀಲ. ರೋಗಿಯನ್ನು ಕುರ್ಚಿ ಸಮೇತ ಎತ್ತಿ, ಚಾಲಕನ ಪಕ್ಕದಲ್ಲಿ, ಕಟ್ಟೆಯ ಕಡೆಗೆ ಮುಖ ಮಾಡಿ ಕೂರಿಸಲಾಗಿತ್ತು. ಹೆಂಡತಿ ಜೊತೆಯಲ್ಲಿ ಹೋಗಲಿಲ್ಲ. ಎರಡು ಪರಸ್ಥಳದ ದೋಣಿಗಳು ಬರುವುದಿತ್ತು. "ಕಟ್ಟೆ ಬಿಟ್ಟು ಹೇಗೆ ಬರಲಿ, ಭಾನುವಾರ ಬರ್ತೀನಿ" ಎಂದಳು. ದೋಣಿ ಒಂದಿಷ್ಟು ದೂರ ಹೋದ ಮೇಲೆ ರೋಗಿ ಎಡಗೈ ಎತ್ತಿದರು. ಅಂಗೈ, ಎರಡು ಸಲ.

ಚಾಲಕ ಎಂಜಿನ್ ನಿಲ್ಲಿಸಿಬಿಟ್ಟ. ಯೋಚಿಸಿ ನಿಲ್ಲಿಸಿದ್ದಲ್ಲ, ಅವನ ಕೈಯೇ ನಿಲ್ಲಿಸಿತು. ಪಡುವಣ ಗಾಳಿ ತನ್ನ ಕೆಲಸ ಮಾಡಿತು. ದೋಣಿ ಹಿಂದಕ್ಕೆ, ಕಟ್ಟೆಯ ಕಡೆಗೇ, ಸದ್ದಿಲ್ಲದೆ ತೇಲಿ ಬರತೊಡಗಿತು. "ಅಯ್ಯೋ, ವಾಪಸ್ ಹೋಗ್ತಿದೀವಲ್ಲೋ!" ಎಂದು ತಂಗಿ ನಕ್ಕಳು. ಚಾಲಕನೂ ನಗುತ್ತ, ಅಭ್ಯಾಸಬಲದಿಂದ, ಹಗ್ಗದ ಸುರುಳಿ ಎತ್ತಿ ಎಸೆದ. ರೋಗಿ ನಗಲಿಲ್ಲ. ಕೈಯನ್ನು ಹಾಗೆಯೇ ಮುಂದೆ ಹಿಡಿದು, ಕಟ್ಟೆಯಲ್ಲಿ ನಿಂತವಳನ್ನೇ ನೋಡುತ್ತಿದ್ದರು.

ಹಗ್ಗ ನೆಟ್ಟಗೆ ಬಂತು. ಅವಳ ತೋಳಿಗೆ ಬಡಿದು ನೀರಿಗೆ ಬಿತ್ತು.

"ಏನಕ್ಕಾ, ಮತ್ತೆ ಏಪ್ರಿಲ್‌ಗೆ ಹೋದ್ರಾ?" ಎಂದ ಚಾಲಕ.

"ಕೈತಪ್ಪಿತು. ಹೊತ್ತಾಯ್ತು, ಹೊರಡು" ಎಂದು ಅವಳು ಕೈಯನ್ನು ತಲೆಯ ಮೇಲೆ ಎತ್ತಿ ತಿರುಗಿಸಿದಳು. ಆ ಸನ್ನೆ ದೋಣಿಯಲ್ಲಿ ಇಬ್ಬರಿಗೆ ಅರ್ಥವಾಗುತ್ತಿತ್ತು. ರೋಗಿ ಕೈ ಇಳಿಸಿ ತೊಡೆಯ ಮೇಲಿಟ್ಟುಕೊಂಡರು. ಚಾಲಕ ಒದ್ದೆ ಹಗ್ಗ ಎಳೆದುಕೊಂಡು ಎಂಜಿನ್ ಶುರು ಮಾಡಿದ.

ಆಮೇಲೆ ಬಂದ ಎರಡು ದೋಣಿಗಳನ್ನೂ ಕಟ್ಟಿದ್ದಾಯಿತು. ದೋಣಿವಂತರೇ, ಇದಕ್ಕೊಂದು ಪ್ರಾಸ

ಸಾಕು. ಇಲ್ಲಿ ಯಾವ ಸಭೆಯೂ ಇಲ್ಲ. ಒಂದು ಕುಂಟು ಮೇಜಿದೆ.

ಕೈತಪ್ಪಲಿಲ್ಲ. ನಾನು ಕೈ ಚಾಚಲೇ ಇಲ್ಲ.